ಎರಡು ಲೋಹಗಳ ನಡುವೆ

ಲೋಹಗಳಲ್ಲಿ ಮೇಲು ಕೀಳೆಂಬ ಭೇದವನ್ನು ಮನುಷ್ಯನು ಬಹು ಹಿಂದಿನಿಂದಲೂ ಎಣಿಸುತ್ತ ಬಂದಿದ್ದಾನೆ. ಚಿನ್ನವನ್ನು ಬೆಂಕಿಗೆ ಹಾಕಿದರೂ ಬಣ್ಣಗೆಡದು, ನೆಲದಲ್ಲಿ ಹೂತಿಟ್ಟರೂ ಮಾಸದು. ಕಬ್ಬಿಣವಾದರೋ ಒಂದು ಮಳೆಗಾಲ ಹೊರಗೆ ಬಿದ್ದಿತೆಂದರೆ ತುಕ್ಕು ಹಿಡಿದು ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಆದುದರಿಂದ ಚಿನ್ನ ಕಿರೀಟವನ್ನೇರಿತು. ಕಬ್ಬಿಣ ನೇಗಿಲಿನ ಗುಳವಾಗಿ ಉಳಿಯಿತು. ಯೂರೋಪಿನ ಭಾಷೆಗಳಲ್ಲಿ ಚಿನ್ನ, ಪ್ಲಾಟಿನಂ ಮೊದಲಾದುವಕ್ಕೆ ಕುಲೀನ ಲೋಹಗಳೆಂಬ ಹೆಸರೇ ನಿಂತುಬಿಟ್ಟಿದೆ. ಮನುಷ್ಯನು ತನ್ನ ಕುಲವನ್ನು ಲೋಹಕ್ಕೂ ಅಂಟಿಸದೆ ಬಿಡಲಿಲ್ಲ.

ರಸಾಯನಶಾಸ್ತ್ರದ ಪಠ್ಯಪುಸ್ತಕವನ್ನು ತೆರೆದ ವಿದ್ಯಾರ್ಥಿಗೆ ಈ ಭೇದವೇ ಅಂಕೆಗಳ ವೇಷದಲ್ಲಿ ಎದುರಾಗುತ್ತದೆ. ವಿದ್ಯುದ್ವಾರ ವಿಭವಗಳ ಕೋಷ್ಟಕವೆಂದು ಅದರ ಹೆಸರು. ದ್ರಾವಣವೊಂದರಲ್ಲಿ ಅದ್ದಿದ ಲೋಹದ ತಗಡಿಗೆ ವಿದ್ಯುದ್ವಾರ ಅಥವಾ ಎಲೆಕ್ಟ್ರೋಡ್ ಎನ್ನುತ್ತಾರೆ. ಅದರ ವಿದ್ಯುತ್ತಿನ ಮಟ್ಟವೇ ವಿಭವ. ಕೋಷ್ಟಕದಲ್ಲಿ ಲಿಥಿಯಮ್ಮಿಗೆ ಋಣ ೩.೦೪ ವೋಲ್ಟ್, ಸತುವಿಗೆ ಋಣ ೦.೭೬, ಕಬ್ಬಿಣಕ್ಕೆ ಋಣ ೦.೪೪, ತಾಮ್ರಕ್ಕೆ ಧನ ೦.೩೪, ಬೆಳ್ಳಿಗೆ ಧನ ೦.೮೦, ಚಿನ್ನಕ್ಕೆ ಧನ ೧.೫೦. ಪರೀಕ್ಷೆಗೆ ಓದುವ ಹುಡುಗನು ಇದನ್ನು ಲೋಹಗಳ ಅಂತಸ್ತಿನ ಪಟ್ಟಿಯೆಂದೇ ತಿಳಿದು ಬಾಯಿಪಾಠ ಮಾಡುತ್ತಾನೆ. ಒಂದೊಂದು ಲೋಹದ ಮುಂದೆಯೂ ಒಂದೊಂದು ಅಂಕೆಯಿದೆ. ಆ ಅಂಕೆ ಆ ಲೋಹದ ಸ್ವಂತ ಆಸ್ತಿ ಎಂದು ಅವನ ನಂಬಿಕೆ.

ಈ ನಂಬಿಕೆಯನ್ನು ಸ್ವಲ್ಪ ಅಲುಗಿಸಬೇಕೆಂಬುದೇ ನನ್ನ ಉದ್ದೇಶ. ಆ ಕೋಷ್ಟಕದಲ್ಲಿರುವ ಯಾವ ಅಂಕೆಯೂ ಒಂದೇ ಒಂದು ಲೋಹಕ್ಕೆ ಸೇರಿದುದಲ್ಲ. ಪ್ರತಿಯೊಂದೂ ಎರಡರ ನಡುವಣ ಸಂಬಂಧ. ಇಷ್ಟನ್ನು ಕಂಡುಕೊಳ್ಳುವುದಕ್ಕೆ ಯೂರೋಪಿನ ವಿದ್ವಾಂಸರಿಗೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಕಥೆ ಒಂದು ಕಪ್ಪೆಯ ಕಾಲಿನಿಂದ ಮೊದಲಾಗುತ್ತದೆ.

ಇಟಲಿಯ ಬೊಲೋನ್ಯಾ ನಗರದಲ್ಲಿ ಲುಯೀಜಿ ಗಾಲ್ವಾನಿ ಎಂಬ ಶರೀರಶಾಸ್ತ್ರಜ್ಞನಿದ್ದನು. ಸತ್ತ ಕಪ್ಪೆಯ ಕಾಲುಗಳ ಸ್ನಾಯುಗಳು ವಿದ್ಯುತ್ತು ಸೋಕಿದಾಗ ಅದುರುವುದನ್ನು ಅವನು ವರ್ಷಗಟ್ಟಲೆ ಪರೀಕ್ಷಿಸುತ್ತಿದ್ದನು. ೧೭೮೬ರಲ್ಲಿ ಅವನು ಕಪ್ಪೆಯ ಕಾಲುಗಳನ್ನು ಹಿತ್ತಾಳೆಯ ಕೊಕ್ಕೆಗಳಿಗೆ ಸಿಕ್ಕಿಸಿ ತನ್ನ ಮನೆಯ ಕಬ್ಬಿಣದ ಕಂಬಿಗಳಿಗೆ ತೂಗುಹಾಕಿದನು. ಗುಡುಗು ಮಿಂಚುಗಳಾಗಲಿ ವಿದ್ಯುದ್ಯಂತ್ರವಾಗಲಿ ಹತ್ತಿರವಿಲ್ಲದಿದ್ದರೂ ಕೊಕ್ಕೆಯು ಕಂಬಿಗೆ ತಗುಲಿದಾಗ ಕಾಲುಗಳು ಅದುರಿದವು. ವಿದ್ಯುತ್ತು ಎಲ್ಲಿಂದ ಬಂದಿತು? ಅದು ಪ್ರಾಣಿಯ ದೇಹದೊಳಗೇ ಹುದುಗಿದೆ, ಲೋಹಗಳು ಅದಕ್ಕೆ ದಾರಿಯನ್ನು ಮಾತ್ರ ಮಾಡಿಕೊಟ್ಟವು ಎಂದು ಗಾಲ್ವಾನಿ ತೀರ್ಮಾನಿಸಿದನು. ಪ್ರಾಣಿವಿದ್ಯುತ್ತನ್ನು ಕುರಿತ ಅವನ ಪ್ರಬಂಧ ೧೭೯೧ರಲ್ಲಿ ಪ್ರಕಟವಾಯಿತು.

ಅದನ್ನೋದಿದವರಲ್ಲಿ ಪಾವಿಯಾ ವಿಶ್ವವಿದ್ಯಾನಿಲಯದ ಭೌತಶಾಸ್ತ್ರದ ಪ್ರಾಧ್ಯಾಪಕನಾದ ಅಲೆಸ್ಸಾಂಡ್ರೊ ವೋಲ್ಟಾ ಒಬ್ಬನು. ಮೊದಮೊದಲು ಅವನೂ ಗಾಲ್ವಾನಿಯ ಮಾತನ್ನೊಪ್ಪಿದನು. ಆದರೆ ಪ್ರಯೋಗಗಳನ್ನು ಮತ್ತೆ ಮತ್ತೆ ಮಾಡಿ ನೋಡುತ್ತಿದ್ದಂತೆ ಅವನಿಗೆ ಒಂದು ಸಂಗತಿ ಎದ್ದು ಕಂಡಿತು. ಎರಡೂ ಕಡೆಗೆ ಒಂದೇ ಲೋಹವನ್ನು ಬಳಸಿದಾಗ ಕಪ್ಪೆಯ ಕಾಲು ಅದುರುವುದು ಅಪರೂಪ. ಬೇರೆ ಬೇರೆ ಲೋಹಗಳನ್ನು ಬಳಸಿದಾಗ ಅದು ಚೆನ್ನಾಗಿ ಅದುರುತ್ತದೆ. ಹಾಗಾದರೆ ಮೂಲವಿರುವುದು ಕಪ್ಪೆಯಲ್ಲಲ್ಲ, ಲೋಹಗಳ ಭೇದದಲ್ಲಿ. ಇದನ್ನು ಅವನು ತನ್ನ ನಾಲಗೆಯ ಮೇಲೆಯೇ ಪರೀಕ್ಷಿಸಿದನು. ನಾಲಗೆಯ ತುದಿಗೆ ತವರದ ತೆಳುಹಾಳೆಯನ್ನೂ ಅದರ ಹಿಂದೆ ಬೆಳ್ಳಿಯ ನಾಣ್ಯವನ್ನೂ ಇಟ್ಟು, ಅವೆರಡನ್ನೂ ಒಂದಕ್ಕೊಂದು ಮುಟ್ಟಿಸಿದೊಡನೆ ಬಾಯಲ್ಲಿ ಹುಳಿ ರುಚಿ ಹುಟ್ಟಿತು. ತವರಕ್ಕೆ ಹುಳಿಯಿಲ್ಲ, ಬೆಳ್ಳಿಗೂ ಇಲ್ಲ. ಅವುಗಳ ಕೂಟಕ್ಕೆ ಮಾತ್ರ ಇದ್ದಿತು.

ವಾದ ಬಲವಾಯಿತು. ಗಾಲ್ವಾನಿಯ ಪಕ್ಷ ಸುಮ್ಮನಿರಲಿಲ್ಲ. ೧೭೯೪ರಲ್ಲಿ ಲೋಹದ ಸಂಪರ್ಕವೇ ಇಲ್ಲದೆ, ಕಪ್ಪೆಯ ನರವನ್ನು ಅದರ ಸ್ನಾಯುವಿಗೆ ನೇರವಾಗಿ ತಾಗಿಸಿ ಕಾಲು ಅದುರುವುದನ್ನು ತೋರಿಸಲಾಯಿತು. ಇದು ಸಾಮಾನ್ಯವಾದ ಉತ್ತರವಲ್ಲ. ಆದರೆ ಕಾಲ ಗಾಲ್ವಾನಿಗೆ ಪ್ರತಿಕೂಲವಾಗಿದ್ದಿತು. ಫ್ರೆಂಚರು ಉತ್ತರ ಇಟಲಿಯಲ್ಲಿ ಸ್ಥಾಪಿಸಿದ ಹೊಸ ಗಣರಾಜ್ಯಕ್ಕೆ ನಿಷ್ಠೆಯ ಪ್ರಮಾಣ ಮಾಡಲೊಲ್ಲದೆ ಅವನು ತನ್ನ ಅಧ್ಯಾಪಕ ಪದವಿಯನ್ನು ಕಳೆದುಕೊಂಡನು; ೧೭೯೮ರ ಡಿಸೆಂಬರಿನಲ್ಲಿ ತೀರಿಕೊಂಡನು. ವೋಲ್ಟಾನಾದರೋ ೧೮೦೧ರಲ್ಲಿ ಪ್ಯಾರಿಸಿಗೆ ಹೋಗಿ ನೆಪೋಲಿಯನ್ನನ ಮುಂದೆ ತನ್ನ ಪ್ರಯೋಗಗಳನ್ನು ತೋರಿಸಿ ಸನ್ಮಾನ ಪಡೆದನು.

ಆ ಸನ್ಮಾನಕ್ಕೆ ಕಾರಣವಾದ ಉಪಕರಣ ಅತ್ಯಂತ ಸರಳವಾದುದು. ಬೆಳ್ಳಿಯ ಒಂದು ಬಿಲ್ಲೆ, ಸತುವಿನ ಒಂದು ಬಿಲ್ಲೆ, ಅವುಗಳ ಮೇಲೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟು. ಮತ್ತೆ ಬೆಳ್ಳಿ, ಸತು, ರಟ್ಟು. ಹೀಗೆ ಒಂದರ ಮೇಲೊಂದು ಪೇರಿಸುತ್ತ ಹೋದರೆ ಮೇಲಿನ ಮತ್ತು ಕೆಳಗಿನ ಬಿಲ್ಲೆಗಳನ್ನು ಮುಟ್ಟಿದವನ ಕೈ ಜುಮ್ಮೆನ್ನುತ್ತದೆ. ಅದುವರೆಗೆ ಮನುಷ್ಯನು ಕಂಡಿದ್ದ ವಿದ್ಯುತ್ತು ಕ್ಷಣಮಾತ್ರದ ಕಿಡಿ. ಇದಾದರೋ ಒರತೆಯಂತೆ ಒಂದೇ ಸಮನೆ ಹರಿಯುವ ಪ್ರವಾಹ. ೧೮೦೦ನೆಯ ಇಸವಿಯ ಮಾರ್ಚ್ ೨೦ರಂದು ವೋಲ್ಟಾನು ಇದನ್ನು ವಿವರಿಸಿ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಸರ್ ಜೋಸೆಫ್ ಬ್ಯಾಂಕ್ಸನಿಗೆ ಫ್ರೆಂಚ್ ಭಾಷೆಯಲ್ಲಿ ಪತ್ರ ಬರೆದನು. ಆ ಪತ್ರವನ್ನು ಸಭೆಯಲ್ಲಿ ಓದುವುದಕ್ಕೆ ಮುಂಚೆಯೇ, ಅದೇ ಮೇ ತಿಂಗಳಲ್ಲಿ, ನಿಕೋಲ್ಸನ್ ಮತ್ತು ಕಾರ್ಲೈಲ್ ಎಂಬ ಇಬ್ಬರು ಇಂಗ್ಲಿಷರು ಅಂಥ ಕಂಬವೊಂದನ್ನು ಕಟ್ಟಿ, ಅದರ ತಂತಿಗಳನ್ನು ನೀರಿನಲ್ಲಿಳಿಸಿ, ನೀರನ್ನು ಜಲಜನಕ ಆಮ್ಲಜನಕಗಳಾಗಿ ಒಡೆದುಬಿಟ್ಟರು. ಏಳು ವರ್ಷಗಳ ಅನಂತರ ಹಂಫ್ರಿ ಡೇವಿಯು ಇದೇ ಶಕ್ತಿಯಿಂದ ಪೊಟ್ಯಾಸಿಯಂ ಮತ್ತು ಸೋಡಿಯಂಗಳನ್ನು ಮೊಟ್ಟಮೊದಲು ಬೇರ್ಪಡಿಸಿದನು.

ಆದರೆ ಉಪಕರಣವನ್ನು ಕಟ್ಟುವುದು ಬೇರೆ, ಅದರ ಮರ್ಮವನ್ನು ಅರಿಯುವುದು ಬೇರೆ. ಎರಡು ಲೋಹಗಳ ಸಂಪರ್ಕವೊಂದೇ ವಿದ್ಯುತ್ತಿಗೆ ಕಾರಣ, ನಡುವಣ ಉಪ್ಪುನೀರು ಬರಿಯ ವಾಹಕ ಎಂಬುದು ವೋಲ್ಟಾನ ಮತ. ಸಂಪರ್ಕವು ಎಷ್ಟು ಕಾಲವಿದ್ದರೂ ಸವೆಯುವಂಥದಲ್ಲವಷ್ಟೆ? ಹಾಗಾದರೆ ಏನನ್ನೂ ವ್ಯಯಮಾಡದೆ ಸದಾಕಾಲವೂ ಶಕ್ತಿ ಹರಿಯಬೇಕು. ಇದು ಶೂನ್ಯದಿಂದ ಶಕ್ತಿಯನ್ನು ಸೃಷ್ಟಿಸುವ ಮಾತಾಯಿತೆಂದು ಮೈಕೇಲ್ ಫ್ಯಾರಡೆಯು ೧೮೪೦ರಲ್ಲಿ ಆಕ್ಷೇಪಿಸಿದನು. ಕೋಶದಲ್ಲಿ ಸತು ಕರಗುತ್ತದೆ. ಕರಗಿದ ಸತುವಿಗೆ ತಕ್ಕಷ್ಟೇ ವಿದ್ಯುತ್ತು ಹರಿಯುತ್ತದೆ. ಬೆಲೆ ತೆರದೆ ಸರಕು ಬರುವುದಿಲ್ಲ. ವಾಹಕವೆಂದು ವೋಲ್ಟಾನು ಮೂಲೆಗೆ ತಳ್ಳಿದ್ದ ಆ ಒದ್ದೆ ರಟ್ಟೇ ರಂಗಸ್ಥಳ. ಲೋಹವು ದ್ರವವನ್ನು ಸಂಧಿಸುವ ಆ ತೆಳ್ಳನೆಯ ಗಡಿಯಲ್ಲಿಯೇ ನಾಟಕವೆಲ್ಲ ನಡೆಯುವುದು.

ಇಂದಿನ ತಿಳಿವಳಿಕೆಯಂತೆ ಆ ನಾಟಕ ಹೀಗಿದೆ. ಸತುವಿನ ತಗಡೊಂದನ್ನು ಸತುವಿನ ಲವಣದ ದ್ರಾವಣದಲ್ಲಿ ಅದ್ದಿದಾಗ, ಅದರ ಪರಮಾಣುಗಳಲ್ಲಿ ಕೆಲವು ತಮ್ಮ ಎರಡೆರಡು ಎಲೆಕ್ಟ್ರಾನುಗಳನ್ನು ತಗಡಿನಲ್ಲಿಯೇ ಬಿಟ್ಟು, ಧನವಿದ್ಯುತ್ತನ್ನು ಹೊತ್ತ ಅಯಾನುಗಳಾಗಿ ದ್ರಾವಣಕ್ಕೆ ಇಳಿಯುತ್ತವೆ. ಉಳಿದ ಎಲೆಕ್ಟ್ರಾನುಗಳ ಭಾರದಿಂದ ತಗಡು ಋಣವಾಗುತ್ತದೆ. ಹಾಗೆ ಋಣವಾದ ತಗಡು ಹೊರಟುಹೋದ ಅಯಾನುಗಳನ್ನು ಹಿಂದಕ್ಕೆ ಸೆಳೆಯತೊಡಗುತ್ತದೆ. ಹೋಗುವವುಗಳ ಸಂಖ್ಯೆಯೂ ಮರಳುವವುಗಳ ಸಂಖ್ಯೆಯೂ ಸಮನಾದಾಗ ಸಮತೋಲ ಉಂಟಾಗುತ್ತದೆ. ಹೊರಗಿನಿಂದ ನೋಡುವವನಿಗೆ ಏನೂ ನಡೆಯುತ್ತಿರುವಂತೆ ಕಾಣುವುದಿಲ್ಲ. ತಾಮ್ರದಲ್ಲಿ ಹೀಗೆ ಕರಗಿ ಹೋಗುವ ಒಲವು ಬಹಳ ಕಡಮೆ. ತಾಮ್ರದ ಅಯಾನುಗಳಿಗೆ ಎಲೆಕ್ಟ್ರಾನುಗಳನ್ನು ಪಡೆದು ಮತ್ತೆ ಲೋಹವಾಗುವ ಒಲವೇ ಹೆಚ್ಚು. ಈಗ ಎರಡು ತಗಡುಗಳನ್ನೂ ತಂತಿಯಿಂದ ಜೋಡಿಸಿ, ದ್ರಾವಣಗಳಿಗೂ ಒಂದು ಸಂಪರ್ಕವನ್ನು ಕಲ್ಪಿಸಿದರೆ, ಸತುವಿನಲ್ಲಿ ತುಂಬಿ ನಿಂತಿದ್ದ ಎಲೆಕ್ಟ್ರಾನುಗಳು ತಾಮ್ರದ ಕಡೆಗೆ ಹರಿಯುತ್ತವೆ. ಒಂದು ಕಡೆ ಸತು ಕರಗುತ್ತದೆ. ಇನ್ನೊಂದು ಕಡೆ ತಾಮ್ರ ಮೈತುಂಬಿಕೊಳ್ಳುತ್ತದೆ. ಇದೇ ವಿದ್ಯುತ್ಕೋಶ.

ನಿಂಬೆಯ ಹಣ್ಣಿಗೆ ಒಂದು ಸತುವಿನ ಪಟ್ಟಿಯನ್ನೂ ಒಂದು ತಾಮ್ರದ ತಂತಿಯನ್ನೂ ಚುಚ್ಚಿ ಒಂದು ವೋಲ್ಟಿನ ಆಸುಪಾಸಿನ ಒತ್ತಡವನ್ನು ತೋರಿಸುವ ಆಟವನ್ನು ಶಾಲೆಗಳ ವಿಜ್ಞಾನ ಪ್ರದರ್ಶನಗಳಲ್ಲಿ ಎಲ್ಲರೂ ನೋಡಿರುತ್ತೇವೆ. ನಿಂಬೆಯಲ್ಲಿ ವಿದ್ಯುತ್ತಿದೆ ಎಂದು ಮಕ್ಕಳು ಬೆರಗಾಗುತ್ತಾರೆ. ಇದು ಗಾಲ್ವಾನಿಯ ಬೆರಗೇ. ಕಪ್ಪೆಯ ಜಾಗದಲ್ಲಿ ನಿಂಬೆ ಬಂದಿದೆ, ಅಷ್ಟೆ. ನಿಂಬೆಯ ಹುಳಿ ಅಲ್ಲಿ ಬೇಕೇ ಬೇಕು. ಆದರೆ ಅದಕ್ಕೆ ಎರಡು ಸತುವಿನ ಪಟ್ಟಿಗಳನ್ನೇ ಚುಚ್ಚಿದರೆ ಮುಳ್ಳು ಹೆಚ್ಚುಕಡಮೆ ಅಲ್ಲಾಡುವುದೇ ಇಲ್ಲ. ಸವೆದು ಬೆಲೆ ತೆರುವುದು ಸತು. ಪ್ರದರ್ಶನ ಮುಗಿದ ಮೇಲೆ ಪಟ್ಟಿಯನ್ನು ತೆಗೆದು ಮಕ್ಕಳಿಗೆ ತೋರಿಸುವ ಉಪಾಧ್ಯಾಯರು ಅರ್ಧ ಪಾಠವನ್ನು ಅಲ್ಲಿಯೇ ಹೇಳಿಕೊಟ್ಟಂತಾಗುತ್ತದೆ.

ವೋಲ್ಟಾನ ಕೋಶಕ್ಕೆ ಒಂದು ದೊಡ್ಡ ಕುಂದಿದ್ದಿತು. ಬೆಳ್ಳಿಯ ಅಥವಾ ತಾಮ್ರದ ಮೇಲೆ ಜಲಜನಕದ ಗುಳ್ಳೆಗಳು ಕವಿದು, ಸ್ವಲ್ಪ ಹೊತ್ತಿನಲ್ಲಿಯೇ ಪ್ರವಾಹ ಸೊರಗುತ್ತಿದ್ದಿತು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಜಾನ್ ಫ್ರೆಡರಿಕ್ ಡೇನಿಯಲ್ಲನು ೧೮೩೬ರಲ್ಲಿ ಇದಕ್ಕೆ ಪರಿಹಾರ ಕಂಡನು. ಸತುವನ್ನು ತೆಳುವಾದ ಗಂಧಕಾಮ್ಲದಲ್ಲಿಯೂ ತಾಮ್ರವನ್ನು ಮೈಲುತುತ್ತದ ದ್ರಾವಣದಲ್ಲಿಯೂ ಇರಿಸಿ, ಎರಡು ದ್ರವಗಳೂ ಬೆರೆಯದಂತೆ ನಡುವೆ ಎತ್ತಿನ ಅನ್ನನಾಳದ ಪೊರೆಯನ್ನು ಕಟ್ಟಿದನು. ಈಗ ತಾಮ್ರದ ಮೇಲೆ ಜಲಜನಕದ ಬದಲು ತಾಮ್ರವೇ ಕೂಡುತ್ತಿದ್ದುದರಿಂದ ಪ್ರವಾಹ ಸೊರಗಲಿಲ್ಲ. ಮುಂದೆ ಪೊರೆಯ ಜಾಗಕ್ಕೆ ಸೂಕ್ಷ್ಮರಂಧ್ರಗಳುಳ್ಳ ಮಣ್ಣಿನ ಕುಡಿಕೆ ಬಂದಿತು. ದೂರದೂರದ ಊರುಗಳ ನಡುವೆ ತಂತಿ ಸುದ್ದಿಯನ್ನು ಓಡಿಸಿದ ಕೋಶಗಳಲ್ಲಿ ಇದು ಮುಖ್ಯವಾದುದು. ಈ ಕೋಶದ ಒತ್ತಡ ಸುಮಾರು ೧.೧೦ ವೋಲ್ಟ್. ಕೋಷ್ಟಕವನ್ನು ನೋಡಿ: ಧನ ೦.೩೪ರಿಂದ ಋಣ ೦.೭೬ನ್ನು ಕಳೆದರೆ ಬರುವುದು ೧.೧೦.

ಇಲ್ಲಿ ಚುರುಕಾದ ವಿದ್ಯಾರ್ಥಿಯೊಬ್ಬನು ಎದ್ದು ನಿಂತು ಕೇಳಬೇಕು: ಎರಡರ ವ್ಯತ್ಯಾಸ ೧.೧೦ ಎಂಬುದನ್ನು ಅಳೆದಿರಿ, ಸರಿ. ಆದರೆ ಅದರಲ್ಲಿ ತಾಮ್ರದ ಪಾಲು ೦.೩೪, ಸತುವಿನ ಪಾಲು ೦.೭೬ ಎಂದು ಹೇಗೆ ಹಂಚಿದಿರಿ? ಈ ಪ್ರಶ್ನೆಯನ್ನು ಕೇಳದೆ ಕೋಷ್ಟಕವನ್ನು ಬಾಯಿಪಾಠ ಮಾಡುವುದೆಂದರೆ ತೀರ್ಪನ್ನು ಓದಿ ವಾದವನ್ನು ಬಿಟ್ಟಂತೆ.

ಒಂಟಿ ಲೋಹದ ವಿಭವವನ್ನು ಅಳೆಯಲು ಹೊರಡೋಣ. ಮಾಪಕಕ್ಕೆ ಎರಡು ತಂತಿಗಳಿವೆ. ಒಂದನ್ನು ಸತುವಿನ ತಗಡಿಗೆ ಸೇರಿಸಿದೆವು. ಇನ್ನೊಂದನ್ನು ಎಲ್ಲಿಗೆ ಸೇರಿಸುವುದು? ದ್ರಾವಣದೊಳಕ್ಕೆ ಇಳಿಸಬೇಕು. ಇಳಿಸಿದ ಕ್ಷಣದಲ್ಲಿಯೇ ಆ ತಂತಿಯೂ ದ್ರಾವಣದಲ್ಲಿ ಅದ್ದಿದ ಲೋಹವಾಯಿತು. ಅದಕ್ಕೂ ತನ್ನದೊಂದು ವಿಭವ ಹುಟ್ಟಿಕೊಂಡಿತು. ನಾವು ಅಳೆದುದು ಮತ್ತೆ ಎರಡರ ವ್ಯತ್ಯಾಸವನ್ನೇ. ತನ್ನ ಭುಜದ ಮೇಲೆ ತಾನೇ ಹತ್ತಲು ಹೊರಟವನ ಪಾಡು ಇದು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದ ವಿಲ್ಹೆಲ್ಮ್ ಆಸ್ಟ್‌ವಾಲ್ಡನಂಥ ಮಹಾವಿದ್ವಾಂಸರು ಪಾದರಸದ ಹನಿಗಳ ನೆರವಿನಿಂದ ನಿರಪೇಕ್ಷವಾದ ಸೊನ್ನೆಯೊಂದನ್ನು ಹಿಡಿಯಲು ಯತ್ನಿಸಿದರು. ಅಲ್ಲಿಯೇ ಕೆಲಸ ಕಲಿತ ವಾಲ್ಟರ್ ನೆರ್ನ್‌ಸ್ಟನು ಬೇರೊಂದು ದಾರಿಯನ್ನು ಸೂಚಿಸಿದನು. ನಿರಪೇಕ್ಷವಾದುದು ಕೈಗೆ ಸಿಕ್ಕದಿದ್ದರೆ ಬೇಡ. ಒಂದು ವಿದ್ಯುದ್ವಾರವನ್ನು ಆರಿಸಿಕೊಂಡು ಅದರ ವಿಭವವನ್ನು ಸೊನ್ನೆಯೆಂದು ಎಲ್ಲರೂ ಒಪ್ಪಿಕೊಳ್ಳೋಣ. ಆರಿಸಿದುದು ಜಲಜನಕವನ್ನು. ಸೂಕ್ಷ್ಮವಾದ ಪ್ಲಾಟಿನಂ ಪುಡಿಯ ಕಪ್ಪು ಲೇಪವುಳ್ಳ ಪ್ಲಾಟಿನಂ ತಗಡೊಂದನ್ನು ಗೊತ್ತಾದ ಸಾರತೆಯ ಆಮ್ಲದಲ್ಲಿ ನಿಲ್ಲಿಸಿ, ಅದರ ಮೇಲೆ ಗೊತ್ತಾದ ಒತ್ತಡದಲ್ಲಿ ಜಲಜನಕವನ್ನು ಹಾಯಿಸಿದರೆ ಅದೇ ನಮ್ಮ ಸೊನ್ನೆ. ಇದರ ಜೊತೆಗೆ ತಾಮ್ರವನ್ನು ಜೋಡಿಸಿದಾಗ ಬಂದುದು ಧನ ೦.೩೪, ಸತುವನ್ನು ಜೋಡಿಸಿದಾಗ ಬಂದುದು ಋಣ ೦.೭೬. ತಾಮ್ರದ ಮುಂದೆ ಬರೆದ ಅಂಕೆ ತಾಮ್ರದ್ದಲ್ಲ. ತಾಮ್ರಕ್ಕೂ ಜಲಜನಕಕ್ಕೂ ಇರುವ ಅಂತರ. ಜಲಜನಕದ ಹೆಸರನ್ನು ಪ್ರತಿ ಸಾಲಿನಲ್ಲಿಯೂ ಬರೆಯುವ ಗೋಜನ್ನು ಬಿಟ್ಟಿದ್ದೇವೆ. ಬಿಟ್ಟುದರಿಂದಲೇ ಅದನ್ನು ಮರೆತಿದ್ದೇವೆ.

ಮುಳ್ಳಯ್ಯನಗಿರಿಯ ಎತ್ತರ ಸುಮಾರು ೧,೯೩೦ ಮೀಟರೆಂದು ಭೂಗೋಳದ ಪುಸ್ತಕ ಹೇಳುತ್ತದೆ. ಅದು ಸಮುದ್ರದ ಮಟ್ಟದಿಂದ ಎಣಿಸಿದ ಎತ್ತರ. ಬೆಂಗಳೂರಿನ ನೆಲವನ್ನು ಸೊನ್ನೆಯೆಂದು ಹಿಡಿದರೆ ಆ ಬೆಟ್ಟ ಸಾವಿರ ಮೀಟರಿನಷ್ಟಕ್ಕೆ ಕುಗ್ಗುತ್ತದೆ. ಬೆಟ್ಟವು ಒಂದು ಕಲ್ಲನ್ನೂ ಕಳೆದುಕೊಂಡಿರುವುದಿಲ್ಲ. ಎರಡು ಬೆಟ್ಟಗಳ ನಡುವಣ ವ್ಯತ್ಯಾಸವಂತೂ ಯಾವ ಸೊನ್ನೆಯಿಂದ ಅಳೆದರೂ ಬದಲಾಗದು. ವಿಭವಗಳಲ್ಲಿ ಪ್ರಕೃತಿಗೆ ಸೇರಿದುದು ಈ ವ್ಯತ್ಯಾಸ, ಸೊನ್ನೆ ನಮ್ಮದು. ನಿರ್ವಾತದಲ್ಲಿ ನಿಶ್ಚಲವಾಗಿರುವ ಎಲೆಕ್ಟ್ರಾನಿಗೆ ಹೋಲಿಸಿ ಜಲಜನಕದ ವಿದ್ಯುದ್ವಾರದ ವಿಭವ ಸುಮಾರು ೪.೪೪ ವೋಲ್ಟೆಂದು ೧೯೮೬ರಲ್ಲಿ ವಿದ್ವಾಂಸರು ಲೆಕ್ಕ ಹಾಕಿದ್ದುಂಟು. ಆದರೆ ಅಲ್ಲಿಯೂ ಹೋಲಿಕೆಗೆ ಒಂದು ಎಲೆಕ್ಟ್ರಾನು ಬೇಕಾಯಿತೆಂಬುದನ್ನು ಗಮನಿಸಬೇಕು.

ಸೊನ್ನೆಯನ್ನು ಒಪ್ಪಿಕೊಂಡ ಮೇಲೆಯೂ ಜಗಳ ಮುಗಿಯಲಿಲ್ಲ. ಸತುವಿಗೆ ಋಣ ಚಿಹ್ನೆಯೋ ಧನ ಚಿಹ್ನೆಯೋ ಎಂಬುದು ಮುಂದಿನ ತಕರಾರು. ಲೋಹವು ಕರಗುವ ಕ್ರಿಯೆಯನ್ನು ಆಧಾರವಾಗಿಟ್ಟುಕೊಂಡ ಅಮೆರಿಕದ ಗ್ರಂಥಗಳು ಧನ ೦.೭೬ ಎಂದು ಬರೆದವು. ಯೂರೋಪಿನವು ಋಣ ೦.೭೬ ಎಂದವು. ಕಡೆಗೆ ೧೯೫೩ರಲ್ಲಿ ಸ್ಟಾಕ್‌ಹೋಮಿನಲ್ಲಿ ಅಂತರರಾಷ್ಟ್ರೀಯ ರಸಾಯನ ಒಕ್ಕೂಟವು ಈಗ ನಾವು ಬಳಸುವ ಪದ್ಧತಿಯನ್ನು ಗೊತ್ತುಮಾಡಿತು. ಹಳೆಯ ಗ್ರಂಥಗಳನ್ನು ತೆರೆಯುವವರು ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಅಷ್ಟು ಕಾಲವೂ ಸತು ಮಾತ್ರ ತನ್ನ ಪಾಡಿಗೆ ತಾನು ಮೊದಲಿನಂತೆಯೇ ಕರಗುತ್ತಿದ್ದಿತು.

ಇದೆಲ್ಲ ಪಂಡಿತರ ಸೂಕ್ಷ್ಮವೆಂದು ಕೆಲವರಿಗೆ ತೋರಬಹುದು. ಆದರೆ ಲೋಹದ ಗುಣವನ್ನು ಅದರ ನೆರೆಯಿಂದ ಬೇರ್ಪಡಿಸಿ ಎಣಿಸಿದವರಿಗೆ ಕಡಲು ದುಬಾರಿಯ ಪಾಠ ಕಲಿಸಿದೆ. ೧೭೬೧ರಲ್ಲಿ ಬ್ರಿಟಿಷ್ ನೌಕಾಪಡೆಯು ‘ಅಲಾರ್ಮ್’ ಎಂಬ ಯುದ್ಧನೌಕೆಯ ಮರದ ತಳವನ್ನು ಹುಳುಗಳಿಂದ ಕಾಪಾಡುವುದಕ್ಕಾಗಿ ತಾಮ್ರದ ತಗಡುಗಳಿಂದ ಹೊದಿಸಿತು. ಎರಡು ವರ್ಷ ಕಡಲಿನಲ್ಲಿ ಓಡಾಡಿದ ಮೇಲೆ ಪರೀಕ್ಷಿಸಿದಾಗ ತಾಮ್ರ ಚೆನ್ನಾಗಿಯೇ ಇದ್ದಿತು. ಆದರೆ ತಗಡನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳು ಅನೇಕ ಕಡೆ ತಿಂದುಹೋಗಿದ್ದವು. ತಗಡಿಗೆ ಸುತ್ತಿ ಬಂದಿದ್ದ ಕಂದು ಕಾಗದವು ಎಲ್ಲೆಲ್ಲಿ ತಾಮ್ರಕ್ಕೂ ಕಬ್ಬಿಣಕ್ಕೂ ನಡುವೆ ಉಳಿದುಕೊಂಡಿದ್ದಿತೋ ಅಲ್ಲೆಲ್ಲ ಮೊಳೆಗಳು ಗಟ್ಟಿಯಾಗಿದ್ದವು. ಕಬ್ಬಿಣ, ತಾಮ್ರ, ಉಪ್ಪುನೀರು: ನೌಕೆಯನ್ನು ಕಟ್ಟಿದವರು ತಮಗರಿಯದೆಯೇ ವಿದ್ಯುತ್ಕೋಶವೊಂದನ್ನು ಕಟ್ಟಿದ್ದರು. ಕಪ್ಪೆಯ ಕಾಲು ಅದುರುವುದಕ್ಕೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಮುಂಚೆಯೇ ಕಡಲು ಈ ಪ್ರಯೋಗವನ್ನು ಮಾಡಿ ತೋರಿಸಿದ್ದಿತು, ಓದುವವರಿರಲಿಲ್ಲ.

ಓದಬಲ್ಲವನು ಡೇವಿ. ತಾಮ್ರದ ಹೊದಿಕೆಯೂ ಕಡಲುನೀರಿನಲ್ಲಿ ನಿಧಾನವಾಗಿ ಸವೆಯುತ್ತಿದ್ದುದರಿಂದ ನೌಕಾಪಡೆಯವರು ಅವನ ಸಲಹೆ ಕೇಳಿದರು. ೧೮೨೪ರಲ್ಲಿ ಅವನು, ತಾಮ್ರಕ್ಕೆ ಸತುವಿನ ಅಥವಾ ಕಬ್ಬಿಣದ ಚಿಕ್ಕ ತುಂಡುಗಳನ್ನು ತಾಗಿಸಿಟ್ಟರೆ ಆ ತುಂಡುಗಳು ಸವೆದು ತಾಮ್ರ ಉಳಿಯುವುದೆಂದು ತೋರಿಸಿದನು. ಹಿಂದೆ ವೈರಿಯಂತೆ ವರ್ತಿಸಿದ ಸಂಬಂಧವನ್ನೇ ಅವನು ಕಾವಲಿಗೆ ನಿಲ್ಲಿಸಿದನು. ಯೋಜನೆ ಫಲಿಸಿತು, ಫಲಿಸಿದುದೇ ತೊಡಕಾಯಿತು. ಸವೆಯುತ್ತಿದ್ದ ತಾಮ್ರದಿಂದ ಹೊರಡುತ್ತಿದ್ದ ಲವಣಗಳು ಕಡಲಿನ ಪಾಚಿಗೂ ಚಿಪ್ಪುಜೀವಿಗಳಿಗೂ ವಿಷವಾಗಿದ್ದವು. ತಾಮ್ರದ ಸವೆತ ನಿಂತಾಗ ಆ ವಿಷವೂ ನಿಂತಿತು; ಹಡಗಿನ ತಳಕ್ಕೆ ಜೀವಿಗಳು ಗುಂಪುಗುಂಪಾಗಿ ಅಂಟಿಕೊಂಡು ಅದರ ವೇಗವನ್ನು ತಗ್ಗಿಸಿದವು. ಕೆಲವೇ ವರ್ಷಗಳಲ್ಲಿ ಕಾವಲು ತುಂಡುಗಳನ್ನು ತೆಗೆಸಬೇಕಾಯಿತು. ಡೇವಿಯ ತತ್ತ್ವದಲ್ಲಿ ತಪ್ಪಿರಲಿಲ್ಲ. ಇಂದು ಉಕ್ಕಿನ ಹಡಗುಗಳಿಗೂ ನೆಲದಡಿಯ ಕೊಳವೆಗಳಿಗೂ ಇಂಥ ಕಾವಲು ಲೋಹಗಳನ್ನು ಎಲ್ಲ ಕಡೆಯೂ ಕಟ್ಟುತ್ತಾರೆ.

ನಮ್ಮ ಮನೆಗಳಲ್ಲಿಯೂ ಇದಕ್ಕೆ ನಿದರ್ಶನಗಳಿವೆ. ಸತುವಿನ ಲೇಪವುಳ್ಳ ಕಬ್ಬಿಣದ ಬಕೆಟ್ಟಿಗೆ ಗೀರು ಬಿದ್ದರೂ ಅಲ್ಲಿನ ಕಬ್ಬಿಣ ಬೇಗನೆ ತುಕ್ಕು ಹಿಡಿಯುವುದಿಲ್ಲ. ಸುತ್ತಣ ಸತು ತಾನು ಸವೆದು ಅದನ್ನು ಕಾಪಾಡುತ್ತದೆ. ತವರದ ಲೇಪವುಳ್ಳ ಕಬ್ಬಿಣದ ಡಬ್ಬಕ್ಕೆ ಗೀರು ಬಿದ್ದು ಒದ್ದೆಯಾದರೆ ಪರಿಣಾಮ ತಿರುವುಮುರುವು. ತವರ ಉಳಿಯುತ್ತದೆ, ಕಬ್ಬಿಣ ಬೇಗ ಹಾಳಾಗುತ್ತದೆ. ಅದೇ ತವರವನ್ನು ತಾಮ್ರದ ಪಾತ್ರೆಗೆ ಕಲಾಯಿಯಾಗಿ ಹಾಕಿದಾಗ ಕೋಷ್ಟಕದ ಲೆಕ್ಕದಂತೆ ಮೊದಲು ಸವೆಯಬೇಕಾದುದು ತವರ. ಕಬ್ಬಿಣದ ಪಕ್ಕದಲ್ಲಿ ಕುಲೀನವಾದುದು ತಾಮ್ರದ ಪಕ್ಕದಲ್ಲಿ ಕುಲಹೀನವಾಯಿತು! ತವರದ ಗುಣವೇನೆಂದು ಕೇಳುವವನು ಅದು ಯಾರ ಜೊತೆಯಲ್ಲಿದೆ ಎಂಬುದನ್ನೂ ಹೇಳಬೇಕು.

ಕೋಷ್ಟಕಕ್ಕೆ ಎರಡು ಎಲ್ಲೆಗಳಿವೆ. ಅವನ್ನು ಹೇಳದಿದ್ದರೆ ನನ್ನ ಮಾತು ಅರ್ಧವಾದೀತು. ಮೊದಲನೆಯದು ವೇಗದ ವಿಚಾರ. ಅಲ್ಯೂಮಿನಿಯಮ್ಮಿನ ವಿಭವ ಋಣ ೧.೬೬, ಸತುವಿಗಿಂತ ಬಹಳ ಕೆಳಗೆ. ಕೋಷ್ಟಕವನ್ನೇ ನಂಬಿದರೆ ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರು ಕಾಯಿಸುವುದೇ ಸಾಧ್ಯವಿಲ್ಲವೆನ್ನಬೇಕು. ಆದರೆ ಗಾಳಿ ಸೋಕಿದೊಡನೆ ಅದರ ಮೈಮೇಲೆ ಆಕ್ಸೈಡಿನ ಅತಿ ತೆಳುವಾದ ಪದರ ಕಟ್ಟಿ ಒಳಗಿನ ಲೋಹವನ್ನು ಮುಚ್ಚುತ್ತದೆ. ಹಾಗೆಯೇ ಕೋಷ್ಟಕದಲ್ಲಿ ಸೋಡಿಯಮ್ಮಿಗಿಂತ ಕೆಳಗಿರುವ ಲಿಥಿಯಮ್ಮು ನೀರಿನಲ್ಲಿ ಸೋಡಿಯಮ್ಮಿಗಿಂತ ಶಾಂತವಾಗಿಯೇ ವರ್ತಿಸುತ್ತದೆ. ನೀರು ಯಾವ ಕಡೆಗೆ ಹರಿದೀತೆಂಬುದನ್ನು ಕೋಷ್ಟಕ ಹೇಳುತ್ತದೆ. ಯಾವಾಗ ಮುಟ್ಟೀತೆಂಬುದನ್ನು ಹೇಳುವುದಿಲ್ಲ.

ಎರಡನೆಯದು ಸಾರತೆಯ ವಿಚಾರ. ಕೋಷ್ಟಕದ ಅಂಕೆಗಳೆಲ್ಲ ಗೊತ್ತಾದ ಸಾರತೆಯ ದ್ರಾವಣಗಳಿಗೆ ಮಾತ್ರ ಅನ್ವಯಿಸುತ್ತವೆ. ದ್ರಾವಣದಲ್ಲಿ ಕರಗಿರುವ ಅಯಾನುಗಳ ಪ್ರಮಾಣ ಬದಲಾದರೆ ವಿಭವವೂ ಬದಲಾಗುತ್ತದೆ. ಎಷ್ಟು ಬದಲಾಗುತ್ತದೆಂಬುದನ್ನು ನೆರ್ನ್‌ಸ್ಟನು ೧೮೮೯ರಲ್ಲಿ ತನ್ನ ಪ್ರಸಿದ್ಧ ಸಮೀಕರಣದಿಂದ ತಿಳಿಸಿದನು. ಅದರಂತೆ, ಎರಡು ತಾಮ್ರದ ತಗಡುಗಳನ್ನೇ ತೆಗೆದುಕೊಂಡು, ಒಂದನ್ನು ಮೈಲುತುತ್ತದ ದ್ರಾವಣದಲ್ಲಿಯೂ ಇನ್ನೊಂದನ್ನು ಅದಕ್ಕಿಂತ ಹತ್ತು ಪಟ್ಟು ತೆಳುವಾದ ದ್ರಾವಣದಲ್ಲಿಯೂ ಇರಿಸಿ ಜೋಡಿಸಿದರೆ, ಸುಮಾರು ೦.೦೩ ವೋಲ್ಟಿನ ಒತ್ತಡ ಹುಟ್ಟುತ್ತದೆ. ಲೋಹ ಒಂದೇ, ಇರುವ ನೀರು ಬೇರೆ. ಅಷ್ಟು ಭೇದವೂ ಸಾಕು. ಪ್ರವಾಹ ಹರಿಯುತ್ತ ಹೋದಂತೆ ತೆಳುವಾದುದು ಸಾರವಾಗುತ್ತದೆ, ಸಾರವಾದುದು ತೆಳುವಾಗುತ್ತದೆ. ಎರಡೂ ಸಮನಾದ ದಿನ ಕೋಶ ಸಾಯುತ್ತದೆ. ಮೂಲೆಯಲ್ಲಿ ಎಸೆದ ಹಳೆಯ ಬ್ಯಾಟರಿಯೊಳಗೆ ಲೋಹಗಳು ಇಲ್ಲವಾಗಿರುವುದಿಲ್ಲ. ಹರಿವನ್ನು ಹುಟ್ಟಿಸುವ ಅಂತರ ಇಲ್ಲವಾಗಿರುತ್ತದೆ. ಇಂದು ನಮ್ಮ ಜೇಬಿನ ದೂರವಾಣಿಗಳನ್ನು ನಡೆಸುವ ಲಿಥಿಯಂ ಬ್ಯಾಟರಿಯ ಇತಿಹಾಸವೂ ಈ ಅಂತರವನ್ನು ಹಿಗ್ಗಿಸಿದ ಇತಿಹಾಸವೇ. ಜಾನ್ ಗುಡಿನಫ್ಫನು ೧೯೮೦ರಲ್ಲಿ ಕೋಬಾಲ್ಟ್ ಆಕ್ಸೈಡನ್ನು ಲಿಥಿಯಮ್ಮಿಗೆ ಎದುರಾಗಿ ನಿಲ್ಲಿಸಿ ಸುಮಾರು ೪ ವೋಲ್ಟಿನ ಒತ್ತಡವನ್ನು ಪಡೆದನು. ವಿಟಿಂಗ್‌ಹ್ಯಾಮ್ ಮತ್ತು ಯೊಶಿನೊ ಅವರೊಂದಿಗೆ ಅವನಿಗೆ ೨೦೧೯ರಲ್ಲಿ ನೊಬೆಲ್ ಪಾರಿತೋಷಕ ಬಂದಾಗ ಅವನ ವಯಸ್ಸು ೯೭.

ಇನ್ನು ಗಾಲ್ವಾನಿಗೆ ನ್ಯಾಯ ಸಲ್ಲಬೇಕಾಗಿದೆ. ವೋಲ್ಟಾನ ಹೆಸರು ೧೮೮೧ರಲ್ಲಿ ಪ್ಯಾರಿಸಿನ ವಿದ್ಯುತ್ ಸಮ್ಮೇಳನದಲ್ಲಿ ಅಳತೆಯ ಮಾನವಾಯಿತು. ಗಾಲ್ವಾನಿಯ ಹೆಸರು ಸತು ಬಳಿದ ತಗಡಿಗೆ ಅಂಟಿಕೊಂಡು, ನಾವು ಜಿ. ಐ. ಎಂದು ಕರೆಯುವ ಬಕೆಟ್ಟುಗಳ ಮೊದಲ ಅಕ್ಷರವಾಗಿ ಉಳಿದಿದೆ. ಲೋಹಗಳ ಮಹಿಮೆಯನ್ನು ಕಡೆಯವರೆಗೂ ಒಪ್ಪದಿದ್ದವನ ಹೆಸರು ಲೋಹದ ಮೇಲೆಯೇ ನಿಂತಿತು. ಆದರೆ ಲೋಹವಿಲ್ಲದೆಯೂ ಕಪ್ಪೆಯ ಕಾಲು ಅದುರಿದ್ದಿತಲ್ಲ, ಆ ಪ್ರಶ್ನೆ ಉಳಿದೇ ಇದ್ದಿತು.

ಅದಕ್ಕೆ ಉತ್ತರ ಬಂದುದು ಎದುರು ಪಕ್ಷದ ಮನೆಯಿಂದ. ೧೯೦೨ರಲ್ಲಿ ಜೂಲಿಯಸ್ ಬರ್ನ್‌ಸ್ಟೈನ್ ಎಂಬ ಜರ್ಮನ್ ಶರೀರಶಾಸ್ತ್ರಜ್ಞನು ನೆರ್ನ್‌ಸ್ಟನ ಸಮೀಕರಣವನ್ನು ನರ ಮತ್ತು ಸ್ನಾಯುಗಳಿಗೆ ಅನ್ವಯಿಸಿದನು. ಜೀವಕೋಶದ ಪೊರೆಯ ಒಳಗೆ ಪೊಟ್ಯಾಸಿಯಮ್ಮಿನ ಅಯಾನುಗಳು ಹೆಚ್ಚು, ಹೊರಗೆ ಕಡಮೆ. ಈ ಅಂತರದಿಂದ ಪೊರೆಯ ಎರಡು ಬದಿಗಳ ನಡುವೆ ವಿಭವ ಹುಟ್ಟುತ್ತದೆ. ಮುಂದೆ ಹಾಜ್ಕಿನ್ ಮತ್ತು ಹಕ್ಸ್‌ಲಿ ಎಂಬ ಇಂಗ್ಲಿಷ್ ವಿಜ್ಞಾನಿಗಳು, ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಕಡಲಜೀವಿಯ ದಪ್ಪನೆಯ ನರತಂತುವಿನಲ್ಲಿ ಇದನ್ನು ಅಳೆದು, ನರದ ಸಂದೇಶವು ಅಯಾನುಗಳ ಒಳಹರಿವು ಹೊರಹರಿವುಗಳಿಂದ ಆಗುವುದೆಂದು ೧೯೫೨ರಲ್ಲಿ ವಿವರಿಸಿದರು. ೧೯೬೩ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಸುಮ್ಮನಿರುವ ನರದ ಒಳಮೈ ಹೊರಮೈಗಿಂತ ಸುಮಾರು ೭೦ ಮಿಲಿವೋಲ್ಟ್ ಋಣವಾಗಿರುತ್ತದೆ. ಪ್ರಾಣಿವಿದ್ಯುತ್ತು ನಿಜ, ಅದನ್ನು ಅಳೆಯುವ ಮಾನದ ಹೆಸರು ವೋಲ್ಟ್. ತಾಮ್ರದ ತಗಡಿಗೂ ಕಪ್ಪೆಯ ನರಕ್ಕೂ ಸಲ್ಲುವ ಸಮೀಕರಣ ಒಂದೇ. ಇಬ್ಬರು ಪ್ರತಿವಾದಿಗಳೂ ಬದುಕಿದ್ದಾಗ ಕಾಣದಿದ್ದ ರಾಜಿ ಅದರಲ್ಲಿ ಬರೆದಿದೆ.

ಆದುದರಿಂದ ನಮ್ಮ ಉಪಾಧ್ಯಾಯರಲ್ಲಿ ನನ್ನದೊಂದು ಅರಿಕೆ. ವಿಭವಗಳ ಕೋಷ್ಟಕವನ್ನು ಹಲಗೆಯ ಮೇಲೆ ಬರೆಯುವಾಗ ಜಲಜನಕದ ಮುಂದಿನ ಸೊನ್ನೆಯನ್ನು ಮೊದಲು ಬರೆಯಲಿ. ಇದನ್ನು ಪ್ರಕೃತಿ ಇಟ್ಟುದಲ್ಲ, ಮಾತಿಗೆ ಮಾತು ಕೂಡಲೆಂದು ನಾವು ಇಟ್ಟುಕೊಂಡುದು ಎಂದು ತಿಳಿಸಲಿ. ಉಳಿದ ಅಂಕೆಗಳನ್ನು ಅದರ ಮೇಲೆ ಕೆಳಗೆ ಒಂದೊಂದಾಗಿ ತುಂಬಲಿ. ಹಾಗೆ ಕಲಿತ ವಿದ್ಯಾರ್ಥಿಯು ಚಿನ್ನವನ್ನು ಕುಲೀನವೆಂದು ಹೊಗಳುವ ಮೊದಲು, ಯಾವುದಕ್ಕೆ ಹೋಲಿಸಿ ಎಂದು ಕೇಳಿಯಾನು.